ನಿಲ್ಲಿಸಲು ಬಲ್ಲ ಚಾರ್ಜರ್

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ಮಂದಿಗೆ ಹಬ್ಬ. ಅದು ಬರುವುದು ಸರಿಯಾಗಿ ಮಳೆಗಾಲದಲ್ಲಿ. ಮೇ ಕೊನೆಗೆ ಟಾರ್ಪಾಲು ಹೊದ್ದು ಮಲಗಿದ ಗಾಡಿಯನ್ನು ಹಬ್ಬದ ಮುನ್ನಾದಿನ ಎಬ್ಬಿಸಲು ಹೋಗಿ, ಕಿಕ್ ಹೊಡೆದು ಹೊಡೆದು ಕಾಲು ನೋಯಿಸಿಕೊಂಡವರು ನನಗೆ ಫೋನ್ ಮಾಡುತ್ತಾರೆ. ಹಳೆಯ ಜಾವಾಕ್ಕೆ ಸ್ಪಾರ್ಕ್ ಬರಬೇಕಾದದ್ದು ಬ್ಯಾಟರಿಯಿಂದ. ಅದು ಡೌನ್ ಆಗಿದ್ದರೆ ಪೈಲ್ವಾನನ ಕಾಲೂ ಪ್ರಯೋಜನವಿಲ್ಲ. ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ‘ಸಾರ್, ಯಾವ ಚಾರ್ಜರ್ ತಗೊಳ್ಳಲಿ?’

ಎಷ್ಟು ಆಂಪಿಯರ್ ಕೊಡುತ್ತದೆ ಎಂದು ಅಂಗಡಿಯಲ್ಲಿ ಆಮೇಲೆ ಕೇಳಿ. ಯಾವಾಗ ನಿಲ್ಲಿಸುತ್ತದೆ ಎಂದು ಮೊದಲು ಕೇಳಿ.

12 ವೋಲ್ಟಿನ ಬ್ಯಾಟರಿಯೊಳಗೆ ಆರು ಸೆಲ್‌ಗಳಿವೆ. ತುಂಬಿದ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ ಮೀಟರ್ ಹಿಡಿದರೆ 12.6ರಿಂದ 12.7 ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. 12ಕ್ಕೆ ಇಳಿಯಿತೆಂದರೆ ತಳ ಹತ್ತಿರ. ಅದನ್ನು ಪೂರ್ತಿ ತುಂಬಿಸಲು ಸುಮಾರು 14.4 ವೋಲ್ಟಿನವರೆಗೆ ಏರಿಸಬೇಕು, ತೊಡಕಿರುವುದು ಅಲ್ಲೇ. ಆ ಮಟ್ಟದಲ್ಲಿ ಒಳಗಿನ ನೀರು ಒಡೆದು ಹೈಡ್ರೋಜನ್, ಆಮ್ಲಜನಕಗಳಾಗಿ ಹೊರಡಲು ಶುರುಮಾಡುತ್ತದೆ. ಹಾಲು ಉಕ್ಕುವ ಹೊತ್ತಿಗೆ ಉರಿ ತಗ್ಗಿಸುವವರು ಯಾರಾದರೂ ಒಲೆಯ ಮುಂದೆ ಇರಲೇಬೇಕು. ಒಳ್ಳೆಯ ಆಟೊಮ್ಯಾಟಿಕ್ ಚಾರ್ಜರ್ ಆ ಕೆಲಸ ಮಾಡುತ್ತದೆ: 14.4 ಮುಟ್ಟಿದ ಮೇಲೆ ವೋಲ್ಟೇಜ್ ಏರಲು ಬಿಡದೆ ಕರೆಂಟು ತಾನಾಗಿ ಇಳಿಯಲು ಬಿಡುತ್ತದೆ, ಆಮೇಲೆ 13.5ರ ಆಸುಪಾಸಿಗೆ ಬಂದು ಕಾಯುತ್ತಾ ಕೂರುತ್ತದೆ.

ಬ್ಯಾಟರಿ ಅಂಗಡಿಗಳಲ್ಲಿ ಕಾಣುವ, ಮುಳ್ಳಿನ ಮೀಟರಿನ ಭಾರದ ಟ್ರಾನ್ಸ್‌ಫಾರ್ಮರ್ ಡಬ್ಬಿಯ ಬಗ್ಗೆ ನನಗೆ ಗೌರವವಿದೆ; ಮೂವತ್ತು ವರ್ಷ ದುಡಿದರೂ ಅದು ಜಗ್ಗುವುದಿಲ್ಲ. ಆದರೆ ಸಾಕು ಅನ್ನುವುದು ಅದಕ್ಕೆ ಗೊತ್ತಿಲ್ಲ. ಗೊತ್ತಿರುವುದು ಪಕ್ಕದಲ್ಲಿ ಹೈಡ್ರೋಮೀಟರ್ ಹಿಡಿದು ಕೂತ ಮೇಸ್ತ್ರಿಗೆ. ಮನೆಯಲ್ಲಿ ರಾತ್ರಿ ಪ್ಲಗ್ ಹಾಕಿ ಮಲಗುವವರಿಗೆ ಆ ಮೇಸ್ತ್ರಿ ಎಲ್ಲಿಂದ ಬರಬೇಕು? ಇಂದಿನ ಸೀಲ್ಡ್ ಬ್ಯಾಟರಿಗಂತೂ ಹೋದ ನೀರನ್ನು ಮತ್ತೆ ಹಾಕಲು ಮುಚ್ಚಳವೇ ಇಲ್ಲ.

ಆಂಪಿಯರ್ ಲೆಕ್ಕ ಸುಲಭ. ಬ್ಯಾಟರಿಯ ಮೇಲೆ ಬರೆದ ಆಂಪಿಯರ್–ಅವರ್‌ನ ಹತ್ತನೇ ಒಂದು ಭಾಗ. 5ರ ಬೈಕ್ ಬ್ಯಾಟರಿಗೆ ಅರ್ಧ ಆಂಪಿಯರ್, 35ರ ಸಣ್ಣ ಪೆಟ್ರೋಲ್ ಕಾರಿಗೆ ಮೂರೂವರೆ. ಎಲ್ಲದಕ್ಕೂ ಆಗಲಿ ಎಂದು ಹತ್ತು ಆಂಪಿಯರಿನದೊಂದನ್ನು ತರುವವರು, ಮನೆಯ ಇನ್ವರ್ಟರಿಗೇ ಸ್ಕೂಟರ್ ಬ್ಯಾಟರಿ ಸಿಕ್ಕಿಸುವವರು, ಇಬ್ಬರೂ ಒಂದೇ ತಪ್ಪು ಮಾಡುತ್ತಾರೆ. ಇನ್ವರ್ಟರ್ ಚಾರ್ಜ್ ಮಾಡಲು ಹುಟ್ಟಿದ್ದು 150ರ ಟ್ಯೂಬುಲರ್ ಬ್ಯಾಟರಿಯನ್ನು. ಅದರ ತುತ್ತು ಸ್ಕೂಟರಿನ ಬಾಯಿಗೆ ಹಿಡಿಸದು.

ಹೊಸ ಕಾರುಗಳ ಕಥೆ ಬೇರೆ. ಬೀಗ ಹಾಕಿ ನಿಲ್ಲಿಸಿದ್ದರೂ ಅಲಾರಂ, ಕಂಪ್ಯೂಟರ್ ಎಲ್ಲ ಸೇರಿ 40 ಮಿಲಿಆಂಪಿಯರ್ ಎಳೆದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಆಂಪಿಯರ್–ಅವರ್ ಹೋಯಿತು. 35ರ ಬ್ಯಾಟರಿ ಒಂದು ತಿಂಗಳಲ್ಲಿ ಮಲಗುತ್ತದೆ. ಖಾಲಿ ಬಿಟ್ಟಷ್ಟು ದಿನವೂ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ. ಇಂಥ ಕಾರಿಗೆ ಸದಾ ಸಿಕ್ಕಿಸಿಡುವ ಒಂದು ಆಂಪಿಯರಿನ ಪುಟ್ಟ ಚಾರ್ಜರ್ ಸಾಕು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟೇ ಇಲ್ಲ ಎಂಬುದು ಚಾರ್ಜರ್ ತಯಾರಕರಿಗೆ ತಿಳಿಯದ ಸಂಕಟ.

ಈಗ ಜಾವಾ ಮಂದಿಗೆ. ಮೈಸೂರಿನ ಯಾದವಗಿರಿಯ ಜಾವಾ ಕಾರ್ಖಾನೆಯಿಂದ ಹೊರಬಂದ ಆರಂಭದ ಗಾಡಿಗಳೆಲ್ಲ 6 ವೋಲ್ಟಿನವು. 6, 12 ಎರಡನ್ನೂ ತಾನೇ ಗುರುತಿಸುತ್ತೇನೆ ಎನ್ನುವ ಚಾರ್ಜರನ್ನು ನಾನು ನಂಬುವುದಿಲ್ಲ. ಪೂರ್ತಿ ಬಸಿದು 7 ವೋಲ್ಟಿಗೆ ಇಳಿದ 12ರ ಬ್ಯಾಟರಿಯನ್ನು ಅದು 6ರದ್ದು ಎಂದುಕೊಳ್ಳಬಹುದು. ಕೈಯಲ್ಲಿ ತಿರುಗಿಸುವ ಸ್ವಿಚ್ಚೇ ಮೇಲು. ಹಳೆಯ ಮಾರಿಸ್ ಮೈನರ್ ಇಟ್ಟುಕೊಂಡವರು ಇನ್ನೊಂದು ನೋಡಬೇಕು: ಅದರಲ್ಲಿ ಬಾಡಿಗೆ ಸೇರಿರುವುದು ಪ್ಲಸ್. ಕಪ್ಪು ಕ್ಲಿಪ್ಪು ಬಾಡಿಗೆ ಎಂಬ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ಲಿಥಿಯಂ ಬ್ಯಾಟರಿ ಹಾಕಿಸಿಕೊಂಡವರಿಗೆ ಲಿಥಿಯಂ ಎಂದು ಬರೆದ ಚಾರ್ಜರೇ ಬೇಕು; ಸಲ್ಫೇಟ್ ಕರಗಿಸುತ್ತೇನೆಂದು ವೋಲ್ಟೇಜ್ ಎಗರಿಸುವ ಚಾರ್ಜರ್ ಅದನ್ನು ಕೆಡಿಸೀತು.

ರಾಯಚೂರು, ಕಲಬುರಗಿ ಕಡೆಯವರು ಬಿಸಿಗೆ ತಕ್ಕಂತೆ ವೋಲ್ಟೇಜ್ ತಗ್ಗಿಸುವ ಸೌಲಭ್ಯವಿದೆಯೇ ಎಂದು ವಿಚಾರಿಸುವುದು ಒಳ್ಳೆಯದು. 14.4 ಎಂಬುದು 25 ಡಿಗ್ರಿಯ ಲೆಕ್ಕ. 40 ಡಿಗ್ರಿಗೆ ಅದು ಸುಮಾರು 0.3ರಿಂದ 0.4 ವೋಲ್ಟ್ ಕೆಳಗಿಳಿಯಬೇಕು.

ಕ್ಲಿಪ್ಪು ಹಾಕಿದ ಮೇಲೆ ಕರೆಂಟು, ಕರೆಂಟು ತೆಗೆದ ಮೇಲೆ ಕ್ಲಿಪ್ಪು. ಹೈಡ್ರೋಜನ್ ಪಕ್ಕದಲ್ಲಿ ಕಿಡಿ ಹಾರಬಾರದು. ರಾತ್ರಿಯಿಡೀ ಚಾರ್ಜ್ ಮಾಡಿ, ಅರ್ಧ ದಿನ ಬಿಟ್ಟು ನೋಡಿದಾಗಲೂ 12ರ ಬ್ಯಾಟರಿ ಹತ್ತೂವರೆ ವೋಲ್ಟಿನಲ್ಲೇ ನಿಂತಿದ್ದರೆ ಒಂದು ಸೆಲ್ ಹೋಗಿದೆ. ಆಗ ಹೊಸ ಚಾರ್ಜರ್ ಹುಡುಕಬೇಡಿ. ಹಳೆಯ ಬ್ಯಾಟರಿಯನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ. ಒಳಗಿನ ಸೀಸಕ್ಕೆ ಬೆಲೆಯಿದೆ, ಹೊಸದರ ಬಿಲ್ಲಿನಲ್ಲಿ ಒಂದಿಷ್ಟು ಕಳೆಯುತ್ತಾರೆ.