ಅನ್ನದಾನವೂ ಸಂಜೆಯ ಹೊತ್ತೂ

ಓದಬೇಕೆಂಬ ಹಂಬಲವೊಂದನ್ನುಳಿದು ಬೇರಾವ ಬಂಡವಾಳವೂ ಇಲ್ಲದೆ ಹಳ್ಳಿಯಿಂದ ಪಟ್ಟಣಕ್ಕೆ ಬಂದ ಬಡ ಹುಡುಗನನ್ನು, ಸರಕಾರದ ಅಪ್ಪಣೆಯಾಗಲಿ ಸಂಘದ ನಿಬಂಧನೆಯಾಗಲಿ ಇಲ್ಲದೆ, ಏಳು ಮನೆಗಳವರು ದಿನಕ್ಕೊಬ್ಬರಂತೆ ಉಣ್ಣಿಸಿ ಸಾಕಿದ ವಾರಾನ್ನದ ಪದ್ಧತಿಯನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತ ಬಂದಿದ್ದೇವೆ; ಅದರ ಗುಣದೋಷಗಳನ್ನು ವಿವೇಚಿಸಿದ್ದು ಕಡಮೆ.

ಗುಣವಂತೂ ಸ್ಪಷ್ಟವಾದುದೇ. ತಾನೇ ಕಷ್ಟದಿಂದ ಸಂಸಾರ ತೂಗಿಸುತ್ತಿದ್ದ ಗುಮಾಸ್ತನ ಮನೆಯೂ ಒಂದು ದಿನದ ಊಟವನ್ನು ಪರರ ಮಗನಿಗಾಗಿ ಎತ್ತಿಡಬಲ್ಲುದಾಗಿತ್ತು. ದಾನವು ಶ್ರೀಮಂತರ ಸೊತ್ತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಆದರೆ ಉಣ್ಣುವವನ ಕಡೆಯಿಂದ ನೋಡಿರಿ. ಮಂಗಳವಾರದ ಮನೆಯಲ್ಲಿ ಸೂತಕ ಬಂದರೆ, ಅಥವಾ ಮನೆಯಾಕೆ ತವರಿಗೆ ಹೋದರೆ, ಅಂದು ಅವನಿಗೆ ಏಕಾದಶಿ. ಮನೆಯವರ ಮುಖಭಾವವನ್ನು ನೋಡಿಕೊಂಡು ಎಲೆಯ ಮುಂದೆ ಕೂರಬೇಕು. ಇನ್ನಷ್ಟು ಬೇಕೆನ್ನಲು ನಾಲಗೆ ಏಳದು. ಅಂಗಡಿಗೆ ಹೋಗಿ ಬರುವ, ಬಾವಿಯಿಂದ ನೀರು ಸೇದುವ ಕೆಲಸಗಳನ್ನು ಯಾರೂ ಹೇಳದಿದ್ದರೂ ತಾನಾಗಿಯೇ ಮಾಡಬೇಕು. ಊಟವಾದ ಮೇಲೆ ಅವನು ಎಲ್ಲಿ ಕುಳಿತು ಓದುವನು, ಯಾರೊಡನೆ ಆಡುವನು, ಮನಸ್ಸು ಕುಗ್ಗಿದಾಗ ಯಾರೊಡನೆ ಹೇಳಿಕೊಳ್ಳುವನು ಎಂಬುದು ಏಳು ಮನೆಗಳಲ್ಲಿ ಒಂದರ ಹೊಣೆಯೂ ಆಗಿರಲಿಲ್ಲ.

ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದುವು ಉಚಿತ ವಿದ್ಯಾರ್ಥಿನಿಲಯಗಳು. ಗುಬ್ಬಿ ತೋಟದಪ್ಪನವರ ಔದಾರ್ಯದಿಂದ ಬೆಂಗಳೂರಿನಲ್ಲಿ ನಡೆದುಬಂದ ನಿಲಯವಾಗಲಿ, ಶಿವಕುಮಾರ ಸ್ವಾಮಿಗಳು ಹಳ್ಳಿಯಿಂದ ಹಳ್ಳಿಗೆ ಭಿಕ್ಷೆಗೆ ನಡೆದು ರೈತರ ಕಣದ ರಾಗಿಯನ್ನು ತಂದು ಬೆಳೆಸಿದ ಸಿದ್ಧಗಂಗೆಯ ದಾಸೋಹವಾಗಲಿ, ಹುಡುಗನಿಗೆ ಕೊಟ್ಟದ್ದು ಅನ್ನವನ್ನಷ್ಟೇ ಅಲ್ಲ. ಓರಗೆಯವರ ಸಹವಾಸವನ್ನೂ, ಓದಲು ದೀಪವನ್ನೂ, ದಿನಚರಿಯನ್ನೂ ಕೊಟ್ಟವು. ಸಿದ್ಧಗಂಗೆಯಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಬಯಲಲ್ಲಿ ಸಾಲಾಗಿ ಕುಳಿತು ಸಾಮೂಹಿಕ ಪ್ರಾರ್ಥನೆ ಮಾಡುವುದನ್ನು ಕಂಡವರಿಗೆ, ಪರಾನ್ನವನ್ನುಂಡರೂ ತಲೆ ತಗ್ಗಿಸದೆ ಬಾಳಬಹುದೆಂಬುದು ವಿವರಿಸದೆಯೇ ತಿಳಿಯುತ್ತದೆ.

ಎಲ್ಲ ನಿಲಯಗಳೂ ಹಾಗಿರಲಿಲ್ಲವೆಂಬುದನ್ನು ಮುಚ್ಚಿಡಲಾಗದು. ವಾರಾನ್ನವು ಪ್ರಾಯಶಃ ಸ್ವಜಾತಿಯ ಹುಡುಗನಿಗೆ ಮಾತ್ರ ದೊರೆಯುತ್ತಿದ್ದಿತು. ನಿಲಯಗಳಲ್ಲಿ ಅನೇಕವು ಒಂದೊಂದು ಜಾತಿಯ ಹೆಸರನ್ನು ಬಾಗಿಲ ಮೇಲೆಯೇ ಬರೆಸಿಕೊಂಡವು. ತಮ್ಮವರೆಂಬ ಅಭಿಮಾನದಿಂದ ಹರಿದ ದಾನವು ತಮ್ಮವರಾರೂ ಪಟ್ಟಣದಲ್ಲಿಲ್ಲದವನ ಕೇರಿಗೆ ಮುಟ್ಟಲಿಲ್ಲ. ೧೮೯೭ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ಆ ಕೇರಿಯ ಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆದ ಕುದ್ಮುಲ್ ರಂಗರಾಯರು ಸ್ವಜನರ ಬಹಿಷ್ಕಾರವನ್ನೇ ಅನುಭವಿಸಬೇಕಾಯಿತು. ಹೆಣ್ಣುಮಕ್ಕಳ ಮಾತಂತೂ ಬಹುಕಾಲ ಈ ಧರ್ಮಕಾರ್ಯಗಳ ಲೆಕ್ಕದಲ್ಲಿಯೇ ಬರಲಿಲ್ಲ.

ಈ ಹಿನ್ನೆಲೆಯಲ್ಲಿ ನೋಡಿದರೆ, ‘ಸರಸ್ವತಿ’ ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಮಕ್ಕಳ ಕೂಟವು ದಾನದ ಕಲ್ಪನೆಯನ್ನೇ ವಿಸ್ತರಿಸಿತೆಂದು ನನ್ನ ಅಭಿಪ್ರಾಯ. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಒಳಗಾದ ಆಕೆ, ಪರರ ಮಕ್ಕಳ ಬಾಲ್ಯವು ಸಾರ್ಥಕವಾಗಲೆಂದು ಕತೆ, ಹಾಡು, ನಾಟಕ, ಆಟಗಳಿಗೆ ಚಾಮರಾಜಪೇಟೆಯಲ್ಲಿ ನೆಲೆಯೊಂದನ್ನು ಕಲ್ಪಿಸಿದರು. ಹಸಿವನ್ನು ಕಂಡು ಮರುಗುವವರು ಎಲ್ಲ ಕಾಲದಲ್ಲಿಯೂ ಇದ್ದರು. ಮಗುವಿನ ಬಿಡುವಿನ ಹೊತ್ತೂ ಸಮಾಜದ ಹೊಣೆಯೆಂದು ಕಂಡವರು ವಿರಳ. ಈ ಒಂದು ಕಾಣ್ಕೆಗಾಗಿ ಮಕ್ಕಳ ಕೂಟವನ್ನು ನಾನು ವಾರಾನ್ನಕ್ಕಿಂತ ಮೇಲಿನ ದಾನವೆಂದು ಎಣಿಸುತ್ತೇನೆ.

೨೦೦೨ರಲ್ಲಿ ಅಕ್ಷರ ದಾಸೋಹ ಆರಂಭವಾದ ಮೇಲೆ ಸರಕಾರಿ ಶಾಲೆಯ ಮಗುವಿನ ಮಧ್ಯಾಹ್ನದ ಊಟದ ಹೊಣೆ ಸರಕಾರದ್ದಾಗಿದೆ. ಶಾಲೆ ಬಿಡುವ ಗಂಟೆ ಬಾರಿಸಿದಾಗಿನಿಂದ ತಾಯಿತಂದೆಗಳು ಕೂಲಿಯಿಂದ ಮರಳುವವರೆಗಿನ ಹೊತ್ತಿಗೆ ಮಾತ್ರ ಇನ್ನೂ ದಿಕ್ಕಿಲ್ಲ. ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಜಾತಿಸಂಘಗಳು ಕಟ್ಟಿಸಿದ ಸಮುದಾಯ ಭವನಗಳು, ಕಲ್ಯಾಣಮಂಟಪಗಳು ಮದುವೆಯ ತಿಂಗಳುಗಳನ್ನುಳಿದು ಬೀಗ ಹಾಕಿಕೊಂಡು ನಿಂತಿರುವುವು. ಆ ಸಂಘಗಳ ಹಿರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಸಂಜೆ ನಾಲ್ಕರಿಂದ ಏಳರವರೆಗೆ ಆ ಬೀಗಗಳನ್ನು ತೆಗೆಯಿಸಿರಿ, ದೀಪ ಹಚ್ಚಿಸಿರಿ, ಒಬ್ಬ ಉಪಾಧ್ಯಾಯರಿಗೆ ಸಂಬಳ ಕೊಡಿರಿ, ಮತ್ತು ಒಳಗೆ ಬರುವ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಯಾರ ಮನೆಯ ಮಗುವೆಂದು ಕೇಳಬೇಡಿರಿ.