ಬೇಲಿಯಾಚೆಗೆ ಬಾರಿಸಿದವರು

ಗೇಲ್ ಸಿಕ್ಸರ್ ಎಂಥದ್ದೆಂದು ಸೈದಾಪುರದ ಬಯಲಲ್ಲಿ ಟೆನಿಸ್ ಬಾಲ್ ಆಡುವ ಹುಡುಗರಿಗೆ ಹೇಳಿಕೊಡಬೇಕಿಲ್ಲ. 2013ರ ಏಪ್ರಿಲ್ 23, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಪುಣೆ ವಾರಿಯರ್ಸ್ ವಿರುದ್ಧ ಆರ್‌ಸಿಬಿಯ ಕ್ರಿಸ್ ಗೇಲ್ 30 ಎಸೆತಕ್ಕೇ ಶತಕ ಮುಗಿಸಿದರು. ಕೊನೆಗೆ 66 ಎಸೆತಕ್ಕೆ ಔಟಾಗದೆ 175. ಅದರಲ್ಲಿ 17 ಸಿಕ್ಸರ್, 13 ಫೋರ್. ಓಡಿ ಗಳಿಸಿದ್ದು ಬರೀ 21!

ತೋಳ್ಬಲಕ್ಕಿಂತ ನನಗೆ ಹಿಡಿಸುವುದು ಗೇಲ್ ಅವರ ನಿಲುವು. ಮುಂಗಾಲು ತುಸು ಪಕ್ಕಕ್ಕೆ ಸರಿದು ಕೈಗೆ ಜಾಗ ಬಿಡುತ್ತದೆ, ತಲೆ ಅಲುಗುವುದಿಲ್ಲ, ಬ್ಯಾಟು ಪೂರ್ತಿ ಬೀಸಿ ಹೆಗಲ ಮೇಲೆ ಬಂದು ನಿಲ್ಲುತ್ತದೆ.

ಹೀಗೆ ಬೇಲಿಯಾಚೆಗೆ ಬಾರಿಸಿದ ಇನ್ನೊಬ್ಬರು ಅಮೆರಿಕದ ಬೇಸ್‌ಬಾಲ್ ಆಟಗಾರ ಹ್ಯಾಂಕ್ ಆರನ್. ಅವರದು ಮಣಿಕಟ್ಟಿನ ಚುರುಕು. ಯಾವ ವರ್ಷವೂ 50 ಹೋಮ್ ರನ್ (ಬೇಸ್‌ಬಾಲ್‌ನ ಸಿಕ್ಸರ್ ಎನ್ನಿ) ಮುಟ್ಟಲಿಲ್ಲ. ಆದರೂ 1976ರಲ್ಲಿ ಆಟ ಬಿಟ್ಟಾಗ ಲೆಕ್ಕ 755. ಬೇಸ್‌ಬಾಲ್‌ನ ಇನ್ನೊಬ್ಬ ಆಟಗಾರ ಬ್ಯಾರಿ ಬಾಂಡ್ಸ್ ಅದನ್ನು ದಾಟಿದ್ದು 2007ರಲ್ಲಿ.