ಅರಿಶಿನ ಹಚ್ಚಿದ ಲಕೋಟೆಗೆ ನೀರು ತಾಗಿಸಬೇಡಿ

ಅಂಚೆ ಚೀಟಿಯ ಕಾಗದದೊಳಗಿನ ಗುರುತಾದ ವಾಟರ್‌ಮಾರ್ಕ್ ನೋಡಲು ಕಪ್ಪು ತಟ್ಟೆ, ಬೆಂಜಿನ್ ಎಲ್ಲ ಬಿಡಿ ಚೀಟಿಗಳಿಗಾಯಿತು. ಲಕೋಟೆಗೆ ಅಂಟಿಕೊಂಡೇ ಇರುವ ಚೀಟಿಯಲ್ಲಿ ಅದನ್ನು ನೋಡುವ ಬಗೆ ಬೇರೆ.

1957ರ ಭಾರತ ನಕ್ಷೆಯ ಸರಣಿಯನ್ನೇ ತೆಗೆದುಕೊಳ್ಳಿ. ನಯಾಪೈಸೆ ಚಲಾವಣೆಗೆ ಬಂದ ಏಪ್ರಿಲ್ 1ರಂದೇ ಹೊರಟ ಈ ಚೀಟಿಗಳ ಕಾಗದದಲ್ಲಿ ಮೊದಲು ಇದ್ದದ್ದು ನಕ್ಷತ್ರಗಳು. 1958ರಿಂದ ಅಶೋಕ ಸ್ತಂಭದ ಸಿಂಹಗಳು ಬಂದವು. ಚಿತ್ರ ಅದೇ, ವ್ಯತ್ಯಾಸವೆಲ್ಲ ಕಾಗದದ ಒಡಲಲ್ಲಿ.

ನನ್ನ ಮುಂದೆ ಮನೆಯ ಟ್ರಂಕಿನಲ್ಲಿ ಸಿಕ್ಕ ಒಂದು ಮದುವೆ ಕರೆಯೋಲೆಯ ಲಕೋಟೆಯಿದೆ. ಮೇಲೆ 5 ನಯಾಪೈಸೆಯ ಹಸಿರು ಚೀಟಿ. ಬುಕ್‌ಪೋಸ್ಟ್ ಆದ್ದರಿಂದ ಬಾಯಿ ಅಂಟಿಸಿಲ್ಲ. ಒಳಗಿನ ಕಾಗದ ತೆಗೆದು, ಪುಟ್ಟ ಎಲ್‌ಇಡಿ ದೀಪವನ್ನು ಚೀಟಿಯ ಹಿಂದಕ್ಕೇ ತೂರಿಸಿ, ಕೋಣೆಯನ್ನು ಕತ್ತಲು ಮಾಡಿದೆ. ಬೆಳಕು ಲಕೋಟೆಯ ಒಂದೇ ಪದರ ದಾಟಬೇಕು, ಗುಟ್ಟು ಅಷ್ಟೇ. ವಾಟರ್‌ಮಾರ್ಕ್ ಇರುವಲ್ಲಿ ಕಾಗದ ತೆಳು; ಚೀಟಿಯ ಅಂಚಿನಲ್ಲಿ ನಕ್ಷತ್ರದ ಎರಡು ಮೊನೆಗಳು ಬೆಳ್ಳಗೆ ಮೂಡಿದವು. ದಪ್ಪ ಪೋಸ್ಟ್‌ಕಾರ್ಡಿನಲ್ಲಿ ಇದು ನಡೆಯದು. ಅಲ್ಲಿ ಓರೆ ಬೆಳಕಿನಲ್ಲಿ ತಾಳ್ಮೆಯಿಂದ ಹೊರಳಿಸಿ ನೋಡಬೇಕು.

ಆದರೆ ದೀಪಕ್ಕಿಂತ ಮೊದಲು ಠಸ್ಸೆ ಓದಿ. ಈ ಲಕೋಟೆಯ ಠಸ್ಸೆ ದಾವಣಗೆರೆ, ನವೆಂಬರ್ 1957. ಸಿಂಹದ ಕಾಗದ ಇನ್ನೂ ಬಂದಿರಲಿಲ್ಲ, ನಕ್ಷತ್ರವೇ ಸರಿ. 1959ರ ಠಸ್ಸೆಯಾಗಿದ್ದರೆ ಈ ನ್ಯಾಯ ಸಲ್ಲದು. ಹಳೆಯ ದಾಸ್ತಾನೂ ಆಗ ಮಾರಾಟವಾಗುತ್ತಿದ್ದಿರಬಹುದು, ದೀಪ ಬೇಕೇ ಬೇಕು. ವಿಕ್ಟೋರಿಯಾ ರಾಣಿಯ ಅರ್ಧ ಆಣೆ ನೀಲಿಗೂ ಇದೇ ಲೆಕ್ಕ: ಆನೆತಲೆಯ ಕಾಗದ 1865ರದು, ಅದಕ್ಕೂ ಹಿಂದಿನ ಠಸ್ಸೆಯಿದ್ದರೆ ಆನೆಯನ್ನು ಹುಡುಕಲೇಬೇಡಿ.

ಹೀಗಿದ್ದೂ 'ಮೂಲೆ ಕತ್ತರಿಸು, ಬೋಗುಣಿಗೆ ಹಾಕು' ಎನ್ನುವ ಪಂಥ ಇನ್ನೂ ಜೀವಂತವಾಗಿದೆ. ಆಲ್ಬಮ್ಮಿನ ಚೌಕ ತುಂಬಿದರೆ ಅವರಿಗೆ ಸಾಕು. ಹದಿನೈದರ ವಯಸ್ಸಿನಲ್ಲಿ ನಾನೂ ಅಜ್ಜನ ಕಾಗದಗಳನ್ನು ಹಾಗೆಯೇ ನೆನೆಸಿದೆ. ಚೀಟಿಗಳು ಉಳಿದವು, ಅವು ಯಾವ ಊರಿನಿಂದ, ಯಾವ ದಿನ ಹೊರಟವೆಂಬುದು ಹೋಯಿತು. ಆ ನಷ್ಟ ಈಗಲೂ ನೋಯುತ್ತದೆ.

ಈ ಲಕೋಟೆಯ ನಾಲ್ಕು ಮೂಲೆಗೂ ಯಾರೋ ಬೆರಳಿನಿಂದ ಅರಿಶಿನ ಹಚ್ಚಿದ್ದಾರೆ. ಚೀಟಿ ಅಂಟಿಸಿದ್ದು ಆಮೇಲೆ: ಹಲ್ಲುಗಳ ಸಂದಿನಲ್ಲಿ ಆ ಹಳದಿ ಇಣುಕುತ್ತಿದೆ.